ಮಾಗಡಿ ಕೆರೆಗೆ ಹೊರಟವರ ಚೀಲದಲ್ಲಿ ಏನಿರಬೇಕು?

ಕೆರೆಗೆ ಹೋಗೋಣ ಎಂದ ಕೂಡಲೇ ಮಗ ಅಟ್ಟದ ಮೇಲಿಂದ ಗಾಳಿ ತುಂಬುವ ಟ್ಯೂಬು ಇಳಿಸಿದ. ಹೆಂಡತಿ ಬ್ಯಾಡ್ಮಿಂಟನ್ ಬ್ಯಾಟುಗಳನ್ನು ತೆಗೆದಿಟ್ಟಳು. ನಾನು ಹಾಡು ಕೇಳುವ ಸ್ಪೀಕರನ್ನು ಚಾರ್ಜಿಗೆ ಹಾಕಿದೆ. ಅವ್ವ ಒಬ್ಬಳೇ, ಅಲ್ಲಿ ನೆರಳಿದೆಯೇ ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಹುಬ್ಬಳ್ಳಿಯಿಂದ ಮಾಗಡಿ ಕೆರೆಗೆ ನಾವು ಮೊದಲ ಸಲ ಹೊರಟದ್ದು ಹೀಗೆ. ಮರುವರ್ಷ ಜನವರಿಯಲ್ಲಿ ಮತ್ತೆ ಹೋದೆವು. ಆಗ ಚೀಲ ಕಟ್ಟುವ ಕೆಲಸವನ್ನು ಅವ್ವನಿಗೇ ಒಪ್ಪಿಸಿದ್ದೆವು.

ಬೆಂಗಳೂರಿನ ಗೆಳೆಯನಿಗೆ ಹೇಳಿದರೆ ಅವನು ಕೆಂಪೇಗೌಡರ ಮಾಗಡಿ ಎಂದುಕೊಂಡ. ಇದು ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರದಿಂದ 11, ಶಿರಹಟ್ಟಿಯಿಂದ 8. ಚಳಿಗಾಲದಲ್ಲಿ ಮಂಗೋಲಿಯಾ, ಟಿಬೆಟ್‌ ಕಡೆಯ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ. ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವುದೇ ಇಲ್ಲ. ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಈ ಕೆರೆ ಸೇರಿದೆ ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ನಾವು ದೋಣಿ, ಹೋಟೆಲು, ಉದ್ಯಾನ ಎಲ್ಲ ಇರುವ ಜಾಗವನ್ನು ಕಲ್ಪಿಸಿಕೊಂಡಿದ್ದೆವು. ಅಲ್ಲಿರುವುದು ಊರ ಪಕ್ಕದ ಸುಮಾರು 134 ಎಕರೆಯ ಒಂದು ಕೆರೆ, ಸುತ್ತ ಹೊಲಗಳು, ಮತ್ತು ಹಕ್ಕಿಗಳು. ನೀವು ಕಟ್ಟುವ ಚೀಲ ಈ ಮಾತನ್ನು ನೆನಪಿಟ್ಟುಕೊಂಡೇ ಕಟ್ಟಿದ್ದಾಗಿರಬೇಕು.

ಅವ್ವನ ಲೆಕ್ಕ ಸರಳವಾಗಿತ್ತು. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವಾಗ ಏನು ಒಯ್ಯುತ್ತೇವೋ ಅದನ್ನೇ ಒಯ್ಯುವುದು. ಹೊಲದಲ್ಲಿ ಅಂಗಡಿ ಇರುವುದಿಲ್ಲ, ಕುರ್ಚಿ ಇರುವುದಿಲ್ಲ, ಮರೆತದ್ದು ಮರೆತಂತೆಯೇ.

ಮೊದಲು ಕೌದಿ. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿಗಿಂತ ಉಪಯೋಗದ ವಸ್ತು ಕೆರೆಯ ದಂಡೆಯಲ್ಲಿ ಇನ್ನೊಂದಿಲ್ಲ. ಬೆಳಗಿನ ಆರು ಗಂಟೆಗೆ ಅದು ಹೊದಿಕೆ, ಒಂಬತ್ತಕ್ಕೆ ಹಾಸಿಗೆ, ಹನ್ನೊಂದಕ್ಕೆ ಮಕ್ಕಳ ತಲೆಯ ಮೇಲಿನ ನೆರಳು. ಈ ಕಡೆಯ ಜನವರಿಯನ್ನು ನಂಬಬೇಡಿ. ನಸುಕಿನಲ್ಲಿ ಹಲ್ಲು ಕಟಕಟ ಎನ್ನುತ್ತವೆ, ಊಟದ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತದೆ. ಮೊದಲ ಸಲ ಒಬ್ಬೊಬ್ಬರಿಗೂ ಒಂದೊಂದು ದಪ್ಪ ಜಾಕೆಟ್ ಒಯ್ದಿದ್ದೆವು. ಬಿಸಿಲೇರಿದ ಮೇಲೆ ಐದು ಜಾಕೆಟ್‌ಗಳನ್ನು ಹೊತ್ತು ತಿರುಗುವ ಕೆಲಸ ನನ್ನ ಪಾಲಿಗೆ ಬಂತು. ಈಗ ಒಂದರ ಮೇಲೊಂದು ತೆಳುವಾದ ಎರಡು ಅಂಗಿ, ತಲೆಗೆ ಟೊಪ್ಪಿ ಅಥವಾ ಸೆರಗು, ಮೇಲೊಂದು ಕೌದಿ. ಅಷ್ಟೇ.

ಬಟ್ಟೆಯ ಬಣ್ಣದ ಬಗ್ಗೆ ಸ್ವಲ್ಪ ಹಟ ಹಿಡಿಯಿರಿ. ಮಗಳ ಕಡುಗೆಂಪು ಸ್ವೆಟರು ಕಂಡದ್ದೇ ತಡ, ದಡಕ್ಕೆ ಹತ್ತಿರವಿದ್ದ ಬಾತುಗಳ ಗುಂಪು ನೀರಿನ ನಡುವಿಗೆ ಸರಿಯಿತು. ಸ್ವೆಟರನ್ನು ನೋಡಿ ಸರಿದವೋ, ಅವಳ ಓಟವನ್ನು ನೋಡಿ ಸರಿದವೋ ಎಂಬ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅಂತೂ ಬೂದಿ, ಕಂದು, ಎಲೆಹಸಿರು ಬಟ್ಟೆಗಳು ಕೆರೆಗೆ, ಉಳಿದ ಬಣ್ಣಗಳು ದೇವಸ್ಥಾನಕ್ಕೆ ಎಂದು ಹಂಚಿಕೊಂಡೆವು.

ಪಾದರಕ್ಷೆಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ನೀರಿನ ಅಂಚಿನ ಹಸಿ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಬೂಟಿಗೂ ಒಂದೊಂದು ಸೇರು ಮಣ್ಣು. ಕೆರೆದು ತೆಗೆಯಲು ಕಡ್ಡಿ ಹುಡುಕುತ್ತಾ ಬಗ್ಗಿದಾಗಲೇ ಹೆಬ್ಬಾತುಗಳ ದೊಡ್ಡ ಹಿಂಡೊಂದು ತಲೆಯ ಮೇಲೆ ಹಾರಿಹೋಯಿತು, ನನಗೆ ಕೇಳಿಸಿದ್ದು ಸದ್ದು ಮಾತ್ರ. ತೊಳೆದರೆ ಹೋಗುವ ರಬ್ಬರಿನ ಚಪ್ಪಲಿ ಅಥವಾ ಹಳೆಯ ಬೂಟು ಹಾಕಿಕೊಳ್ಳಿ. ಬೂಟಾದರೆ ಇನ್ನೊಂದು ಜೊತೆ ಕಾಲುಚೀಲ ಇರಲಿ. ಅದಕ್ಕಿಂತ ಮುಖ್ಯವಾಗಿ, ನೀರಿನ ಅಂಚಿಗೆ ಹೋಗಲೇಬೇಡಿ.

ಹೋಗದೆ ನೋಡುವುದು ಹೇಗೆ? ದುರ್ಬೀನು ಬೇಕು. ಜಾತ್ರೆಯಲ್ಲಿ ಕೊಂಡ ಆಟಿಕೆ ದುರ್ಬೀನಿನಿಂದ ಮಕ್ಕಳಿಗೆ ಸಿಕ್ಕಿದ್ದು ತಲೆನೋವು. ಎರಡನೆಯ ಸಲ ಪರಿಚಯದವರಿಂದ 8x42 ಅಳತೆಯದನ್ನು ಎರವಲು ತಂದೆವು. ಎಂಟು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು ಹನ್ನೆರಡು ಪಟ್ಟಿನವು ಒಳ್ಳೆಯವು ಎಂದು ಅಂಗಡಿಯವರು ಹೇಳಬಹುದು, ಆದರೆ ಕೈ ನಡುಗಿದರೆ ಹಕ್ಕಿಯೂ ಅಷ್ಟೇ ಪಟ್ಟು ನಡುಗುತ್ತದೆ. ಹೊರಡುವ ಮುಂಚಿನ ಭಾನುವಾರ ಉಣಕಲ್ ಕೆರೆಗೆ ಹೋಗಿ ಅಭ್ಯಾಸ ಮಾಡಿಕೊಂಡೆವು. ಮೊದಲು ಎಡಗಣ್ಣಿಗೆ ನಡುವಿನ ಚಕ್ರ ತಿರುಗಿಸುವುದು, ಆಮೇಲೆ ಬಲಗಣ್ಣಿನ ಬಳಿಯ ಬಳೆ ಸರಿಮಾಡಿಕೊಳ್ಳುವುದು. ಧಾರವಾಡದವರಿಗೆ ಕೆಲಗೇರಿ ಕೆರೆ ಇದೆ. ಮಾಗಡಿಗೆ ಹೋಗಿ ಕಲಿಯುತ್ತೇವೆ ಎಂದರೆ ಕಲಿಯುವುದರೊಳಗೆ ಹಕ್ಕಿ ಹೋಗಿರುತ್ತದೆ.

ಹೊತ್ತಿನ ಮಾತೂ ಇದಕ್ಕೇ ಸೇರಿದ್ದು. ಈ ಹೆಬ್ಬಾತುಗಳಿಗೆ ಮೀನು ಬೇಡ, ಹುಲ್ಲು, ಕಾಳು, ಬೆಳೆ ಬೇಕು. ನಾವು ಕಂಡಂತೆ ಬೆಳಕು ಹರಿಯುತ್ತಲೇ ಗುಂಪು ಗುಂಪಾಗಿ ಎದ್ದು ಹೊಲಗಳ ಕಡೆ ಹೋದವು, ಹತ್ತು ಗಂಟೆಯ ಸುಮಾರಿಗೆ ಒಂದೊಂದೇ ಸಾಲು ಮರಳಿ ನೀರಿಗಿಳಿಯಿತು. ಈ ನಡುವಿನ ಮೂರು ತಾಸು ಏನು ಮಾಡುತ್ತೀರಿ ಎಂಬುದರ ಮೇಲೆ ನಿಮ್ಮ ಪ್ರವಾಸ ನಿಂತಿದೆ. ಮೊದಲ ಸಲ ನಾವು ಎಂಟು ಗಂಟೆಗೆ ತಲುಪಿ, ಬಹುಪಾಲು ಬರಿದಾದ ನೀರನ್ನು ನೋಡಿ, ಮೋಸಹೋದೆವು ಎಂದು ಗೊಣಗುತ್ತಾ ಲಕ್ಷ್ಮೇಶ್ವರಕ್ಕೆ ಹೋಗಿಬಿಟ್ಟಿದ್ದೆವು. ಮರಳಿ ಬಂದಾಗ ಕೆರೆಯ ತುಂಬ ಬಾತುಗಳು.

ಕಾಯುವುದಕ್ಕೆ ಬುತ್ತಿ ಬೇಕು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮಕ್ಕಳಿಗೆ ಶೇಂಗಾ ಹೋಳಿಗೆ. ರೊಟ್ಟಿ ಹಿಂದಿನ ದಿನವೇ ಬಡಿದು ಬಟ್ಟೆಯಲ್ಲಿ ಸುತ್ತಿಟ್ಟರೆ ಎರಡು ದಿನಕ್ಕೆ ಚಿಂತೆಯಿಲ್ಲ. ಕಳೆದ ಸಲದ ಚಿಪ್ಸ್ ಪೊಟ್ಟಣಗಳ ಪರಪರ ಸದ್ದು ಹತ್ತಿರದ ಹಕ್ಕಿಗಳನ್ನು ಓಡಿಸಿತ್ತು, ಖಾಲಿಯಾದ ಮೇಲೆ ಗಾಳಿಗೆ ಹಾರಿ ನಮ್ಮನ್ನೂ ಓಡಿಸಿತ್ತು. ಸ್ಟೀಲಿನ ಡಬ್ಬಿಗಳಿಗೆ ಆ ರಗಳೆ ಇಲ್ಲ. ತಲೆಗೆ ಒಂದೂವರೆ ಲೀಟರ್ ಕುಡಿಯುವ ನೀರು, ಕೈ ತೊಳೆಯಲು ಬೇರೆ ಒಂದು ಕ್ಯಾನು, ಕಸಕ್ಕೆ ಒಂದು ಖಾಲಿ ಚೀಲ. ಅವ್ವನ ಮೊಣಕಾಲಿಗೆ ನೆಲ ಒಗ್ಗದು, ಅದಕ್ಕೊಂದು ಮಡಚುವ ಸ್ಟೂಲು. ಶೌಚದ ಕೆಲಸವನ್ನು ಲಾಡ್ಜಿನಲ್ಲೇ ಮುಗಿಸಿಕೊಂಡು ಹೊರಡಿ.

ಲಾಡ್ಜ್ ಎಂದಾಗ ಇನ್ನೊಂದು ನೆನಪು. ಮೊದಲ ಸಲ ಗದಗದಲ್ಲಿ ಉಳಿದಿದ್ದೆವು. ಕೆರೆ ತಲುಪಿ ನಾಷ್ಟಾ ಮುಗಿಸಿದ ಮೇಲೆ ಅವ್ವ ಬಿ.ಪಿ. ಮಾತ್ರೆ ಕೇಳಿದಳು. ಅದು ಲಾಡ್ಜಿನ ಕೋಣೆಯಲ್ಲಿ, ದೊಡ್ಡ ಚೀಲದ ತಳದಲ್ಲಿ, ಟ್ಯೂಬಿನ ಕೆಳಗೆ ಇತ್ತು. ಅವತ್ತೇ ನಾವು ಎರಡು ಚೀಲದ ಪದ್ಧತಿಗೆ ಬಂದೆವು. ಒಂದು ಲಾಡ್ಜಿನದು, ಇನ್ನೊಂದು ಕೆರೆಯದು. ಕೆರೆಯ ಚೀಲ ರಾತ್ರಿಯೇ ತುಂಬಿ ಬಾಗಿಲ ಬಳಿ ನಿಂತಿರಬೇಕು: ಮಾತ್ರೆ, ಬ್ಯಾಟರಿ, ದುರ್ಬೀನು, ನೀರು, ಮೊಬೈಲ್ ಚಾರ್ಜರ್. ನಸುಕಿನ ಐದು ಗಂಟೆಗೆ ನಿದ್ದೆಗಣ್ಣಿನಲ್ಲಿ ಚೀಲ ತುಂಬುವವರು ಏನನ್ನಾದರೂ ಮರೆಯುತ್ತಾರೆ.

ಸ್ವಂತ ವಾಹನವಿಲ್ಲದವರು ಹುಬ್ಬಳ್ಳಿಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಗದಗಕ್ಕೆ ಬಂದು ಅಲ್ಲಿ ಉಳಿಯಬಹುದು. ಆದರೆ ನಸುಕಿಗೆ ಕೆರೆಯಲ್ಲಿರಬೇಕಾದರೆ ಹಿಂದಿನ ಸಂಜೆಯೇ ಬಾಡಿಗೆ ವಾಹನ ಮಾತಾಡಿಕೊಳ್ಳಿ. ಹಕ್ಕಿಗಳು ನವೆಂಬರಿನಲ್ಲಿ ಬರತೊಡಗಿ ಮಾರ್ಚ್ ಹೊತ್ತಿಗೆ ಮರಳುತ್ತವೆ. ನಮಗೆ ಜನವರಿ ಒಗ್ಗಿತು. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ನೀರೆಷ್ಟಿದೆ ಎಂದು ಆ ಕಡೆಯವರನ್ನು ಕೇಳಿಯೇ ಹೊರಡಿ. ಮಧ್ಯಾಹ್ನ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ನೋಡಿ. ಆ ಊರಿನ ಹಳೆಯ ಹೆಸರು ಪುಲಿಗೆರೆ, ಅಲ್ಲೂ ಒಂದು ಕೆರೆಯೇ. ಇನ್ನೊಂದು ದಿನವಿದ್ದರೆ ಲಕ್ಕುಂಡಿ. ಎರಡಕ್ಕೂ ಬೇಕಾದ್ದು ಸುಲಭವಾಗಿ ಕಳಚಬಲ್ಲ ಚಪ್ಪಲಿ ಮಾತ್ರ.

ಎರಡನೆಯ ಸಲ ಮನೆಗೆ ಬಂದು ಚೀಲ ಬಿಚ್ಚಿದಾಗ ಮುಟ್ಟದೆ ಉಳಿದದ್ದು ಎರಡೇ: ಒಂದು ಕೊಡೆ, ಮತ್ತು ನಾನು ಯಾರಿಗೂ ಹೇಳದೆ ತುರುಕಿದ್ದ ಸ್ಪೀಕರು. ಸಾಲದೆ ಬಂದದ್ದು ಸ್ಟೂಲು. ಅವ್ವನ ಸ್ಟೂಲಿಗಾಗಿ ಮೂರು ತಾಸು ನಾವೆಲ್ಲ ಸರದಿ ಕಾದಿದ್ದೆವು.