ಹೋಳಿಗೂ ಯುಗಾದಿಗೂ ನಡುವೆ ವಿಯೆಟ್ನಾಂ

ನವೆಂಬರ್ 16, 2025, ಭಾನುವಾರ
ನವನಗರ, ಬಾಗಲಕೋಟೆ

ಅಂತೂ ಇಂತೂ ತಾರೀಖು ಕುದುರಿತು. ಮಾರ್ಚ್ 8ಕ್ಕೆ ವಿಯೆಟ್ನಾಮಿಗೆ ಹೊರಡೋದು, 16ಕ್ಕೆ ವಾಪಸ್. ಟಿಕೆಟ್ ಇನ್ನೂ ತೆಗೆದಿಲ್ಲ. ಆದರೆ ಮಧ್ಯಾಹ್ನ ಊಟದ ಹೊತ್ತಿಗೆ ಅತ್ತೆ, ಮಾವ, ಮೈದುನ, ನೆಗೆಣ್ಣಿ ಎಲ್ಲರೆದುರು ಇವರೇ ಬಾಯಿಬಿಟ್ಟು ಹೇಳಿದರು. ನಮ್ಮ ಮನೆಯಲ್ಲಿ ಹಂಗೆ ಹೇಳಿದರೆ ಮುಂಗಡ ಕೊಟ್ಟ ಹಾಗೇ.

ನಮ್ಮ ಮದುವೆ ಆದದ್ದು 2001ರ ಫೆಬ್ರವರಿ 18ಕ್ಕೆ. ಬರೋ ಫೆಬ್ರವರಿಗೆ 25 ತುಂಬುತ್ತದೆ. ಆ ದಿನವೇ ಅಲ್ಲಿರಬೇಕು ಅಂತ ನನ್ನ ಹಟ ಇತ್ತು. ನೋಡಿದರೆ ವಿಯೆಟ್ನಾಮಿನವರ ಹೊಸ ವರ್ಷ, ಟೆಟ್ ಹಬ್ಬ, ಈ ಸಲ ಫೆಬ್ರವರಿ 17ಕ್ಕೇ ಬಂದಿದೆ. ಆ ವಾರ ಅಲ್ಲಿ ಊರೂರಿನ ಜನ ತಮ್ಮ ತಮ್ಮ ಹಳ್ಳಿಗೆ ಹೋಗುತ್ತಾರಂತೆ, ರೈಲು ಬಸ್ಸು ತುಂಬಿರುತ್ತವೆ, ಎಷ್ಟೋ ಅಂಗಡಿ ಹೋಟೆಲ್ ಬಾಗಿಲು ಹಾಕಿರುತ್ತವೆ. ದೀಪಾವಳಿಯಲ್ಲಿ ಬೆಂಗಳೂರಿನಿಂದ ಊರಿಗೆ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಂಗಾದರೆ ಅದು ಮುಗಿದ ಮೇಲೆ, ಮಾರ್ಚ್ ಮೊದಲ ವಾರ ಅಂದೆ. ಹೊಯಾನ್ ಅಂತ ಒಂದು ಹಳೆ ಊರಿದೆ, ನದಿ ದಂಡೆ ಮೇಲೆ. ಅಲ್ಲಿ ಪ್ರತಿ ತಿಂಗಳು ಹುಣ್ಣಿಮೆಯ ಹಿಂದಿನ ರಾತ್ರಿ ಹಳೆ ಪೇಟೆಯ ವಿದ್ಯುತ್ ದೀಪ ಆರಿಸಿ ಬರೀ ಬಣ್ಣದ ಗೂಡುದೀಪ ಹಚ್ಚುತ್ತಾರೆ. ಮಾರ್ಚ್ ತಿಂಗಳ ಆ ರಾತ್ರಿ 2ನೇ ತಾರೀಖಿಗೆ. ಲೆಕ್ಕ ಹಾಕಿ ಖುಷಿಯಿಂದ ಹೇಳಿದೆ. ಇವರು ಗೋಡೆಯ ಮೇಲಿನ ಪಂಚಾಂಗ ತಿರುವಿ, ಕನ್ನಡಕದ ಮೇಲಿಂದ ನನ್ನ ಕಡೆ ನೋಡಿ, "ಹೋಳಿ ಹುಣ್ಣಿವಿ ಅಲ್ಲೇನs ಅದು?" ಅಂದರು.

ಅಷ್ಟೇ, ಅಲ್ಲಿಗೆ ಮಾತು ಮುಗಿಯಿತು. ಬಾಗಲಕೋಟೆಯಲ್ಲಿ ಹುಟ್ಟಿದ ಗಂಡಸಿಗೆ ಹೋಳಿ ಬಿಟ್ಟು ಬಾ ಅನ್ನೋದಕ್ಕಿಂತ ಅಂಗಡಿ ಮಾರು ಅನ್ನೋದು ಸುಲಭ. ಕಾಮದಹನ, ಆಮೇಲೆ ಓಣಿ ಓಣಿಯ ಬಣ್ಣದ ಬಂಡಿ, ಬ್ಯಾರಲ್ ಬ್ಯಾರಲ್ ಬಣ್ಣ, ಕಿವಿ ಕಿವುಡಾಗುವಷ್ಟು ಹಲಗಿ. ಐವತ್ತು ದಾಟಿದರೂ ಇವರು ಹಲಗಿ ಸಪ್ಪಳ ಕೇಳಿದರೆ ಚಪ್ಪಲಿ ಹಾಕಿಕೊಳ್ಳೋದನ್ನೂ ಮರೆಯುತ್ತಾರೆ. ನಾನೇ ಸೋತೆ. ಬಣ್ಣ ತೊಳೆದುಕೊಂಡು ಮೈ ಒಣಗೋದಕ್ಕೆ ಎರಡು ದಿನ, ಆಮೇಲೆ ಗಂಟು ಕಟ್ಟೋದು. ಆ ಕಡೆ ಮಾರ್ಚ್ 19ಕ್ಕೆ ಯುಗಾದಿ, ಬೇವು ಬೆಲ್ಲಕ್ಕೆ ಮನೆಯಲ್ಲಿ ಇರಲೇಬೇಕು. ಅದರ ಬೆನ್ನಿಗೆ ಮಾರ್ಚ್ ಕೊನೆಯ ಲೆಕ್ಕಪತ್ರ. ಹೀಗೆ ಹೋಳಿಗೂ ಯುಗಾದಿಗೂ ನಡುವೆ ಸಿಕ್ಕ ಸಂದಿಯಲ್ಲಿ ನಮ್ಮ ಬೆಳ್ಳಿ ಹಬ್ಬ.

ತಾರೀಖಿನದು ಸಣ್ಣ ಮಾತು. ದೊಡ್ಡದು ಯಾರ್ಯಾರು ಹೋಗೋದು ಅನ್ನೋದು.

ಮದುವೆಯಾದ ಹೊಸದರಲ್ಲಿ ನಾವು ಶ್ರೀಶೈಲಕ್ಕೆ ಹೋಗಿದ್ದೆವು. "ನಾವು" ಅಂದರೆ ಬಾಡಿಗೆ ಟ್ರ್ಯಾಕ್ಸ್ ತುಂಬ ಜನ. ಇವರು ಡ್ರೈವರ್ ಪಕ್ಕ, ನಾನು ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಸ್ಟೋವ್ ನಡುವೆ. ದಾರಿಯುದ್ದಕ್ಕೂ ನನ್ನ ಹೊಸ ಗಂಡನ ಹಿಂದಲೆಯನ್ನೇ ನೋಡಿದ್ದೆ. ಆಮೇಲೆ ತಿರುಪತಿ, ಗೋವಾ, ಕಾಶಿ, ಎಲ್ಲವೂ ಆದವು, ಎಲ್ಲಕ್ಕೂ ಅದೇ ಜನ, ಅದೇ ರೊಟ್ಟಿ ಬುಟ್ಟಿ. ನನಗೆ ಅದರ ಬಗ್ಗೆ ತಕರಾರಿಲ್ಲ. ಆ ಗದ್ದಲದಲ್ಲೇ ಮಕ್ಕಳು ಬೆಳೆದವು. ಈ ಸಲ ಮಾತ್ರ ಇಬ್ಬರೇ. ಈ ಒಂದು ಮಾತನ್ನು ನಾನು ಜೂನಿನಿಂದ ಬಿಟ್ಟುಕೊಟ್ಟಿಲ್ಲ.

ಮೊದಲು ಬಂದದ್ದು ಇವರ ಮಿತ್ರಮಂಡಳಿ: ಎಲ್ಲಾ ಜೋಡಿ ಸೇರಿ ದುಬೈ, ಗ್ರೂಪ್ ಆದರೆ ರೇಟು ಕಡಿಮೆ. ದುಬೈ ಚೆನ್ನಾಗಿರಬಹುದು. ಆದರೆ ಅಲ್ಲೂ ಗಂಡಸರದು ಒಂದು ಗುಂಪು, ಹೆಂಗಸರದು ಒಂದು ಗುಂಪು ಆಗುತ್ತದೆ, ನಾನು ಮತ್ತೆ ಹಿಂದಿನ ಸೀಟಿಗೆ. ಬೇಡ ಅಂದೆ. ಆಮೇಲೆ ನೆಗೆಣ್ಣಿ, "ಅಕ್ಕಾ, ನಾವೂ ಜೋಡೀನ ಬರ್ತೇವಿ, ನಿಮಗೂ ಧೈರ್ಯ ಆಗತೈತಿ" ಅಂದಳು. ಪ್ರೀತಿಯಿಂದಲೇ ಅಂದದ್ದು. ನಾನು ಚಹಾ ಸೋಸುತ್ತಾ ಸುಮ್ಮನಿದ್ದೆ. ಇಂಥ ಹೊತ್ತಿನಲ್ಲಿ ಸುಮ್ಮನಿರೋದು ನನಗೆ ಚೆನ್ನಾಗಿ ಬರುತ್ತದೆ.

ಮಾವನಿಗೆ ಇಬ್ಬರೇ ಹೋಗೋದರ ಬಗ್ಗೆ ಚಿಂತೆ ಇರಲಿಲ್ಲ. "ಅಲ್ಲಿ ಲಡಾಯಿ ಮುಗೀತೇನು?" ಅಂದರು. ಅವರು ಹುಡುಗರಾಗಿದ್ದಾಗ ರೇಡಿಯೋದಲ್ಲಿ ದಿನಾ ವಿಯೆಟ್ನಾಮಿನದೇ ಸುದ್ದಿಯಂತೆ. 1975ರ ಏಪ್ರಿಲ್‌ನಲ್ಲೇ ಮುಗಿದಿದೆ ಮಾವ, 50 ವರ್ಷ ಆಯಿತು ಅಂದರೆ, "ಹಂಗಾರ ಹೋಗಿ ಬರ್ರಿ" ಅಂದು ಮಜ್ಜಿಗೆ ಕೇಳಿದರು.

ವಿಯೆಟ್ನಾಮೇ ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಬೆಂಗಳೂರಿನಲ್ಲಿರೋ ಮಗಳು ಹೇಳಿದ್ದು, ಖರ್ಚು ಕಡಿಮೆ, ವೀಸಾ ಸುಲಭ ಅಂತ. ಅದು ನಿಜ. ಒಂದು ಸಲದ ಇ-ವೀಸಾಕ್ಕೆ ತಲೆಗೆ 25 ಡಾಲರ್, ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಯುರೋಪಾದರೆ ವೀಸಾ ಫೀಸೇ 90 ಯುರೋ, ಬೆರಳಚ್ಚು ಕೊಡೋದಕ್ಕೆ ಬೆಂಗಳೂರಿಗೆ ಒಂದು ಓಡಾಟ, ಬ್ಯಾಂಕಿನ ಕಾಗದ, ಕನಿಷ್ಠ 30,000 ಯುರೋದ ವಿಮೆ. ಆದರೆ ನನ್ನ ಕಾರಣ ಬೇರೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಆಗ ಪುಸ್ತಕದಲ್ಲಿ ಚಂಪಾ ಅಂತ ಹಿಂದೆ ವಿಯೆಟ್ನಾಮಿನಲ್ಲಿದ್ದ ಒಂದು ರಾಜ್ಯದ ಬಗ್ಗೆ ಎರಡು ಸಾಲು ಇತ್ತು, ಪರೀಕ್ಷೆಗೆ ಬರಲಿಲ್ಲ. ಆ ಚಂಪಾದ ರಾಜರು ಕಟ್ಟಿಸಿದ ಶಿವನ ಗುಡಿಗಳು ಮೀಸನ್ ಅನ್ನೋ ಕಣಿವೆಯಲ್ಲಿವೆ, ಹೊಯಾನ್‌ನಿಂದ ಸುಮಾರು 40 ಕಿಲೋಮೀಟರ್. ನಾಲ್ಕನೇ ಶತಮಾನದ ಕೊನೆಗೆ ಭದ್ರವರ್ಮ ಅನ್ನೋ ರಾಜ ಅಲ್ಲಿ ಭದ್ರೇಶ್ವರ ಅಂತ ಲಿಂಗ ಸ್ಥಾಪಿಸಿದ. ಶಾಸನಗಳು ಸಂಸ್ಕೃತದಲ್ಲಿವೆ. ಬಾದಾಮಿ ಕೋಟೆಯ ಬಂಡೆಯ ಮೇಲೆ ಪುಲಕೇಶಿ ಶಾಸನ ಬರೆಸಿದ್ದು 543ರಲ್ಲಿ. ಅದಕ್ಕೂ ನೂರು ವರ್ಷ ಮೊದಲೇ ಸಮುದ್ರದಾಚೆ ಇದು ನಡೆದಿತ್ತು ಅಂದರೆ ಮೈ ಜುಮ್ಮೆನ್ನುತ್ತದೆ.

ಗುಡಿಗಳು ಬಹುಪಾಲು ಇಟ್ಟಿಗೆಯವು, ನಮ್ಮಂತೆ ಮರಳುಗಲ್ಲಿನವಲ್ಲ. 1969ರ ಆಗಸ್ಟಿನಲ್ಲಿ ಅಮೆರಿಕದ ಬಾಂಬು ಬಿದ್ದು ಎಲ್ಲಕ್ಕಿಂತ ದೊಡ್ಡ ಗೋಪುರವೇ ನೆಲಕಚ್ಚಿತು. ಈಚೆಗೆ ಅಲ್ಲಿನ ಕೆಲವು ಗುಡಿಗಳ ಜೀರ್ಣೋದ್ಧಾರ ಮಾಡಿದ್ದು ನಮ್ಮ ಪುರಾತತ್ವ ಇಲಾಖೆಯವರೇ. 2020ರ ಮೇ ತಿಂಗಳಲ್ಲಿ, ಇಲ್ಲಿ ನಾವೆಲ್ಲ ಲಾಕ್‌ಡೌನಿನಲ್ಲಿ ಕೂತಿದ್ದಾಗ, ಆ ಕೆಲಸದಲ್ಲಿ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿದ ಸುದ್ದಿ ಬಂತು, ಒಂಬತ್ತನೇ ಶತಮಾನದ್ದು. ಆ ಫೋಟೋ ಆವತ್ತಿನಿಂದ ನನ್ನ ಫೋನಿನಲ್ಲಿದೆ.

ಇದನ್ನು ಅತ್ತೆಗೆ ತೋರಿಸಿದೆ. ಕಣ್ಣಿಗೊತ್ತಿಕೊಂಡು, "ಶಿವನ ಗುಡಿ ನೋಡಾಕ ಅಷ್ಟ ದೂರ ಯಾಕs ಯವ್ವಾ, ಪಟ್ಟದಕಲ್ಲು ಇಲ್ಲೇ ಐತಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ಲೋಕಮಹಾದೇವಿ, ಗಂಡ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ನಮ್ಮವರು ಯಾವ ಊರನ್ನೂ ಗೆದ್ದವರಲ್ಲ. ಆಲಮಟ್ಟಿಯ ಹಿನ್ನೀರು ಬರುತ್ತದೆ ಅಂದಾಗ ಹಳೆ ಊರಿನ ಪಂಪ್‌ಸೆಟ್ ಅಂಗಡಿ ಎತ್ತಿ ತಂದು ನವನಗರದಲ್ಲಿ ಮತ್ತೆ ನಿಲ್ಲಿಸಿದವರು, ಅದೂ ಮದುವೆಯ ಹೊಸದರಲ್ಲಿ. ಅದಕ್ಕೆ ನಾನು ಗುಡಿ ಕಟ್ಟಿಸಲಾರೆ. ಬ್ಲೌಸ್ ಹೊಲಿದು ಅಂಚೆ ಕಚೇರಿಯ ಆರ್‌ಡಿಗೆ ಹಾಕಿದ್ದರಲ್ಲಿ ಎರಡು ವಿಮಾನದ ಟಿಕೆಟ್ ಆಗುತ್ತವೆ.

ಹೋದ ತಿಂಗಳ ಕೊನೆಗೆ ಹೊಯಾನ್‌ನಲ್ಲಿ ಭಾರಿ ನೆರೆ ಬಂದಿತ್ತು. ಹಳೆ ಪೇಟೆಯಲ್ಲಿ ದೋಣಿ ಓಡಾಡೋ ವಿಡಿಯೋ ಮಗಳು ಕಳಿಸಿ, "ಅಮ್ಮಾ, ಬೇರೆ ಕಡೆ ನೋಡೋಣಾ?" ಅಂತ ಕೇಳಿದಳು. ಅಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಮಳೆ, ಮಾರ್ಚ್ ಒಣ ಕಾಲ. ಇವರು ವಿಡಿಯೋ ನೋಡಿ, "2019ರಾಗ ಮಲಪ್ರಭಾ ಪಟ್ಟದಕಲ್ಲಿನ ಗುಡಿಯಾಗ ಹೊಕ್ಕಿರಲಿಲ್ಲೇನು? ಮಂದಿ ನೋಡಾಕ ಹೋಗೂದು ಬಿಟ್ರೇನು?" ಅಂದರು. ಮುಳುಗಡೆ ಊರಿನವರು ನೀರಿಗೆ ಹೆದರಿ ಪ್ಲಾನ್ ಬದಲಿಸೋದು ಚೆನ್ನಾಗಿ ಕಾಣೋದಿಲ್ಲ.

ಪಾಸ್‌ಪೋರ್ಟಿನ ಕತೆ ಬರೆಯದಿದ್ದರೆ ಆಗದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರದಲ್ಲಿ ಗಂಡನ ಮನೆಯದು. ನಡುವೆ ಸೇತುವೆಗೆ ಮದುವೆ ಪ್ರಮಾಣಪತ್ರ ಇದ್ದರೆ ಒಳ್ಳೇದು ಅಂದರು. ನಮ್ಮದು ನೋಂದಣಿಯೇ ಆಗಿರಲಿಲ್ಲ. ಲಗ್ನಪತ್ರಿಕೆ ಬೇಕು ಅಂದಾಗ ಅತ್ತೆ ಒಂದು ಮಾತಾಡದೆ ಎದ್ದು, ಟ್ರಂಕಿನ ತಳದಿಂದ, ಇಳಕಲ್ ಸೀರೆಯ ಮಡಿಕೆಯಿಂದ ಒಂದು ಪತ್ರಿಕೆ ತೆಗೆದರು. ಮೂಲೆಯ ಅರಿಶಿನ ಇನ್ನೂ ಹಳದಿಯಾಗೇ ಇತ್ತು. ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಿ ಕಚೇರಿಗೆ ಹೋಗಿ, ಮಕ್ಕಳು ಕಾಲೇಜು ಮುಗಿಸಿದ ಮೇಲೆ ಸರ್ಕಾರದ ಲೆಕ್ಕದಲ್ಲಿ ಗಂಡ ಹೆಂಡತಿ ಆದೆವು. ಸಾಕ್ಷಿಗೆ ಬಂದ ಮೈದುನ ಪೇಢೆ ಹಂಚಿದ.

ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನನ್ನದು ಸಲೀಸಾಗಿ ಮುಗಿಯಿತು. ಇವರ ಬೆರಳು ಯಂತ್ರ ಹಿಡಿಯಲೇ ಇಲ್ಲ. ಎಷ್ಟೋ ವರ್ಷ ಮೋಟಾರ್ ಬಿಚ್ಚಿ, ವೈಂಡಿಂಗ್ ತಂತಿ ಎಳೆದು, ಗ್ರೀಸು ಒರೆಸಿ ಗೆರೆಗಳೇ ಸವೆದಿವೆ. ಕೌಂಟರಿನ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಒರೆಸಲು ಹೇಳಿದಳು, ಒತ್ತಿ ಹಿಡಿಯಲು ಹೇಳಿದಳು, ಕೊನೆಗೆ ತಾನೇ ಎದ್ದು ಬಂದು ಇವರ ಹೆಬ್ಬೆರಳು ಹಿಡಿದು ಗಾಜಿನ ಮೇಲೆ ನಿಧಾನಕ್ಕೆ ಉರುಳಿಸಿದಳು. ಹಸಿರು ದೀಪ ಬಂತು. "ಏನ್ ಕೆಲಸ ಮಾಡ್ತೀರಿ ಅಂಕಲ್?" ಅಂತ ಕೇಳಿದಳು. ಇವರು ಉತ್ತರ ಹೇಳೋ ಬದಲು, "ನಿಮ್ಮ ಹೊಲದಾಗ ಬೋರ್ ಐತೇನವಾ?" ಅಂದರು. ವ್ಯಾಪಾರಿ ಬುದ್ಧಿ.

ಆಮೇಲೆ ಪೊಲೀಸ್ ಪರಿಶೀಲನೆ, ಅಂಚೆಯಲ್ಲಿ ಪುಸ್ತಕ. ತಲೆಗೆ 1,500 ರೂಪಾಯಿ.

ದುಡ್ಡಿನದು ಇಷ್ಟು. ಒಂದು ಟ್ರಾವೆಲ್ಸಿನವರು ಇಬ್ಬರಿಗೆ 2,20,000 ಹೇಳಿದರು. ಅದರ ಮೇಲೆ 2025ರ ಲೆಕ್ಕದಂತೆ ಶೇಕಡಾ 5 ಟಿಸಿಎಸ್, ಪ್ಯಾಕೇಜು ಮಾರುವವರೇ ಮೊದಲೇ ಹಿಡಿಯೋ ತೆರಿಗೆ, ಅಂದರೆ 11,000 ರೂಪಾಯಿ ಬೇರೆ. ಅದು ಮುಳುಗೋ ದುಡ್ಡಲ್ಲ, ರಿಟರ್ನ್ಸ್ ತುಂಬುವಾಗ ತೆರಿಗೆಗೆ ವಜಾ ಆಗುತ್ತದೆ ಅಂತ ಇವರ ಲೆಕ್ಕಪರಿಶೋಧಕರು ಹೇಳಿದರು. ವಿಮಾನ, ಹೋಟೆಲ್ ಬೇರೆ ಬೇರೆ ನಾವೇ ಬುಕ್ ಮಾಡಿದರೆ ಪ್ಯಾಕೇಜು ಅನ್ನಿಸಿಕೊಳ್ಳೋದಿಲ್ಲ, ಟಿಸಿಎಸ್ ಇಲ್ಲ. ಪ್ಯಾಕೇಜಿನ ಪಟ್ಟಿಯಲ್ಲಿ ದೊಡ್ಡ ಕೈಗಳು ಎತ್ತಿ ಹಿಡಿದಂತಿರೋ ಸೇತುವೆ, ಕೇಬಲ್ ಕಾರು, ಶಾಪಿಂಗ್ ಎಲ್ಲಾ ಇತ್ತು, ಮೀಸನ್ ಮಾತ್ರ ಇರಲಿಲ್ಲ. ಕೇಳಿದರೆ, "ಮೇಡಂ, ಅಲ್ಲಿ ಬರೀ ಹಾಳು ಗುಡಿ" ಅಂದರು. ಅಲ್ಲಿಗೆ ಪ್ಯಾಕೇಜ್ ಕೈಬಿಟ್ಟೆ. ಮಗಳು ಕೂತು ಬುಕ್ ಮಾಡಿಕೊಡುತ್ತಾಳೆ. ಊರೂರು ಸುತ್ತೋದಿಲ್ಲ. ದನಾಂಗ್, ಹೊಯಾನ್, ಮೀಸನ್, ಆಮೇಲೆ ದನಾಂಗ್‌ನಿಂದ ಹುಯೆಗೆ ಸಮುದ್ರದ ಅಂಚಿನಲ್ಲಿ ಹೋಗೋ ರೈಲು. ಹನೋಯ್ ಕಡೆ ಮಾರ್ಚಿನಲ್ಲಿ ಮೋಡ, ತುಂತುರು ಇರುತ್ತದಂತೆ, ಅದು ಇನ್ನೊಮ್ಮೆ ನೋಡೋಣ.

ಉಳಿದ ಖರ್ಚು ಇವರದು. ಅದು ಉದ್ರಿ ವಸೂಲಿಯ ಮೇಲೆ ನಿಂತಿದೆ. ಉದ್ರಿ ಕಬ್ಬಿನ ಬಿಲ್ಲಿನ ಮೇಲೆ, ಕಬ್ಬಿನ ಬಿಲ್ಲು ಈ ತಿಂಗಳು ದರಕ್ಕಾಗಿ ರೈತರ ಹೋರಾಟದಲ್ಲಿ ಬೀದಿಗೆ ಬಂದು ನಿಂತಿತ್ತು. ಸರ್ಕಾರ ಟನ್ನಿಗೆ 3,300 ಅಂತ ಹೇಳಿದ ಮೇಲೆ ಒಬ್ಬೊಬ್ಬರೇ ಅಂಗಡಿ ಕಡೆ ಮುಖ ಮಾಡುತ್ತಿದ್ದಾರೆ. ರೈತರಿಗೆ ಇನ್ನೂ ಹೆಚ್ಚು ಸಿಗಬೇಕಿತ್ತು ಅನ್ನೋದು ಇವರ ಮಾತು, ಅದರಲ್ಲಿ ಸ್ವಾರ್ಥವೂ ಇದೆ. ಅಲ್ಲಿನ ದುಡ್ಡು ಕೇಳಿ ಮಾತ್ರ ಇವರಿಗೆ ಎಲ್ಲಿಲ್ಲದ ಹುರುಪು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಐದು ಲಕ್ಷದ ಒಂದೇ ನೋಟು ಇದೆ, ನಮ್ಮ ಲೆಕ್ಕದಲ್ಲಿ 1,700ರ ಆಸುಪಾಸು. ಸಂಜೆ ಕೂತು ಕ್ಯಾಲ್ಕುಲೇಟರಿನಲ್ಲಿ ಅಂಗಡಿಯ ಉದ್ರಿಯನ್ನೆಲ್ಲ ಡಾಂಗ್‌ಗೆ ತಿರುಗಿಸಿ ನಗುತ್ತಿದ್ದರು.

ಊಟದ್ದು ನನಗೆ ಚಿಂತೆ ಇಲ್ಲ. ಅಲ್ಲಿ ಬೌದ್ಧರು ಅಮಾವಾಸ್ಯೆ ಹುಣ್ಣಿಮೆಗೆ ಮಾಂಸ ಬಿಡುವ ರೂಢಿ ಇರೋದರಿಂದ ಸಸ್ಯಾಹಾರದ ಹೋಟೆಲುಗಳು ಇವೆ. ಉಳಿದ ಕಡೆ ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತದೆ, ಕೇಳಿ ತಿನ್ನಬೇಕು. ಹೇಗೂ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆಗಿರುತ್ತವೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿ ಇಡಬೇಕೋ, ಮಲಗಿಸಿ ಇಡಬೇಕೋ ಅನ್ನೋದರ ಮೇಲೆ ಅತ್ತೆಗೂ ನನಗೂ ವಾದ ನಡೆದಿದೆ.

ರಾತ್ರಿ ಪಾತ್ರೆ ತೊಳೆಯುವಾಗ ನೆಗೆಣ್ಣಿ ಪಕ್ಕಕ್ಕೆ ಬಂದು ನಿಂತಳು. ನನಗೆ ಒಳಗೊಳಗೆ ಅಳುಕು, ಸಿಟ್ಟಾಗಿದ್ದಾಳೋ ಏನೋ ಅಂತ. ಒರೆಸೋ ಬಟ್ಟೆ ತೆಗೆದುಕೊಂಡು, "ಅಕ್ಕಾ, ಆ ಹುಬ್ಬಳ್ಳಿ ಆಫೀಸಿಗೆ ಏನೇನ್ ಕಾಗದ ಒಯ್ದಿದ್ರಿ? ನಾವೂ ಪಾಸ್‌ಪೋರ್ಟ್ ಮಾಡಸ್ತೇವಿ. ನಾವೂ ಇಬ್ಬರs ಎಲ್ಲ್ಯಾರ ಹೋಗಿ ಬರ್ತೇವಿ" ಅಂದಳು.

"ಮೊದಲ ಮದಿವಿ ನೋಂದಣಿ ಮಾಡಸ್ರಿ" ಅಂದೆ. "ಸಾಕ್ಷಿಗೆ ನಾ ಬರ್ತೀನಿ. ಪೇಢೆ ನಿಮ್ಮವು."