ಗುಜರಿ ಅಂಗಡಿಯ ತಕ್ಕಡಿಯಲ್ಲಿ ಬೇಸ್ ಆಂಪ್

ಬಸವನಗುಡಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ನಮ್ಮ ಆರ್ಕೆಸ್ಟ್ರಾದ ಅಭ್ಯಾಸದ ಕೋಣೆಯಿದೆ. ಲಿಫ್ಟ್ ಇಲ್ಲ, ಮೆಟ್ಟಿಲಿನ ತಿರುವೂ ಕಿರಿದು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಕಾರ್ಯಕ್ರಮಗಳು ಒಂದರ ಬೆನ್ನಿಗೆ ಒಂದು ಬರುವುದರಿಂದ ನನ್ನ ಬೇಸ್ ಗಿಟಾರಿನ ಆಂಪ್ ಮತ್ತು ಸ್ಪೀಕರ್ ಕ್ಯಾಬಿನೆಟ್ ಆ ಮೆಟ್ಟಿಲುಗಳನ್ನು ಇಳಿದು ಹತ್ತುತ್ತಲೇ ಇರುತ್ತವೆ. ಹೋದ ವರ್ಷ ಹಬ್ಬಕ್ಕೆ ಮುಂಚೆ, ಹತ್ತಿಂಚಿನ ನಾಲ್ಕು ಸ್ಪೀಕರ್‌ಗಳಿರುವ ನನ್ನ ಕ್ಯಾಬಿನೆಟ್ಟಿಗೆ ಇನ್ನು ಮೇಲೆ ಕೈ ಹಚ್ಚುವುದಿಲ್ಲವೆಂದು ನಮ್ಮ ಡ್ರಮ್ಮರ್ ಕಡ್ಡಿ ಮುರಿದಂತೆ ಹೇಳಿದ. ಹೊಸದು ಕೊಳ್ಳೋಣವೆಂದರೆ ಕಂಪನಿಗಳ ಪಟ್ಟಿಯಲ್ಲಿ ಒಂದರ ತೂಕ ಪೌಂಡಿನಲ್ಲಿ, ಇನ್ನೊಂದರದು ಕಿಲೋದಲ್ಲಿ; ಸೆಕೆಂಡ್ ಹ್ಯಾಂಡ್ ಕೊಂಡು ಇಲ್ಲಿಯೇ ಪ್ಲೈವುಡ್ ಹೊಡೆಸಿದ ನಮ್ಮ ಸಾಮಾನಿನ ತೂಕ ಯಾರಿಗೂ ತಿಳಿಯದು. ಹೀಗಾಗಿ ಒಂದು ಭಾನುವಾರ ಬೆಳಿಗ್ಗೆ ನಮ್ಮದನ್ನೂ, ಗೆಳೆಯರಿಂದ ತಂದ ಹೊಸ ಬಗೆಯವನ್ನೂ ಪಕ್ಕದ ಬೀದಿಯ ಗುಜರಿ ಅಂಗಡಿಗೆ ಒಯ್ದೆವು. ನೆಲದ ಮೇಲಿಡುವ ದೊಡ್ಡ ಎಲೆಕ್ಟ್ರಾನಿಕ್ ತಕ್ಕಡಿ ಆ ಸುತ್ತಿನಲ್ಲಿ ಇದ್ದದ್ದು ಅಲ್ಲಿ ಮಾತ್ರ.

ನನ್ನ ಹಳೆಯ ಹೆಡ್, ಅಂದರೆ ಸ್ಪೀಕರಿಲ್ಲದ ಬರಿಯ ಆಂಪ್, ಮರದ ಕವಚ ಸೇರಿ 17.4 ಕಿಲೋ ತೂಗಿತು. ಸಾಲ ತಂದ ಕ್ಲಾಸ್ ಡಿ (ಸ್ವಿಚ್ಚಿನಂತೆ ಅತಿವೇಗವಾಗಿ ಆನ್-ಆಫ್ ಆಗುತ್ತ ಕೆಲಸ ಮಾಡುವ ಬಗೆಯ) ಹೆಡ್ 2.9 ಕಿಲೋ. ಅಂಗಡಿಯವರು ಎರಡನ್ನೂ ಎತ್ತಿ ನೋಡಿ, "ಹಳೇದಕ್ಕೆ ಒಳ್ಳೆ ರೇಟು ಬರುತ್ತೆ ಸಾರ್, ತಾಮ್ರ ಇದೆ. ಇದರಲ್ಲಿ ಏನಿದೆ?" ಎಂದು ಚಿಕ್ಕದನ್ನು ಬದಿಗಿಟ್ಟರು. ಅವರು ವ್ಯಾಪಾರದ ಲೆಕ್ಕದಲ್ಲಿ ಆಡಿದ ಮಾತು ವಿಜ್ಞಾನದ ಲೆಕ್ಕದಲ್ಲಿಯೂ ಸರಿಯಾದದ್ದೇ. 50 ಹರ್ಟ್ಸ್‌ನ ನಮ್ಮ ವಿದ್ಯುತ್ತನ್ನು ನೇರವಾಗಿ ಪಡೆಯುವ ಟ್ರಾನ್ಸ್‌ಫಾರ್ಮರಿಗೆ ದಪ್ಪ ಕಬ್ಬಿಣದ ತಿರುಳೂ ಸಾಕಷ್ಟು ತಾಮ್ರದ ಸುತ್ತೂ ಬೇಕು. ಹೊಸ ಹೆಡ್‌ಗಳ ಸ್ವಿಚಿಂಗ್ ಪವರ್ ಸಪ್ಲೈ ಅದೇ ವಿದ್ಯುತ್ತನ್ನು ಮೊದಲು ಹತ್ತಾರು ಸಾವಿರ ಹರ್ಟ್ಸ್‌ಗೆ ಏರಿಸಿಕೊಳ್ಳುವುದರಿಂದ ಅಂಗೈಯಲ್ಲಿ ಹಿಡಿಯುವಷ್ಟು ಟ್ರಾನ್ಸ್‌ಫಾರ್ಮರಿನಲ್ಲಿಯೇ ಕೆಲಸ ಮುಗಿಯುತ್ತದೆ. ಕ್ಲಾಸ್ ಡಿ ವಿಧಾನದಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಕಡಿಮೆಯಾದ್ದರಿಂದ ಶಾಖ ಹೊರಹಾಕುವ ಭಾರದ ಅಲ್ಯೂಮಿನಿಯಂ ಹೀಟ್ ಸಿಂಕ್ ಕೂಡ ಬೇಕಾಗುವುದಿಲ್ಲ. ಹಗುರವಾದದ್ದು ದುರ್ಬಲವೆಂದು ಭಾವಿಸುವವರಿಗೆ ಮಾರ್ಕ್‌ಬೇಸ್‌ನ ಲಿಟಲ್ ಮಾರ್ಕ್ 3 ಉತ್ತರ ಕೊಡುತ್ತದೆ: ಮೂರು ಕಿಲೋ ಮುಟ್ಟದ ಆ ಹೆಡ್ 4 ಓಮ್ ವಿದ್ಯುತ್ ತಡೆಯ ಸ್ಪೀಕರಿಗೆ 500 ವ್ಯಾಟ್ ಕೊಡುತ್ತದೆ. 1969ರಲ್ಲಿ ಬಂದ, ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಬಳಸುವ ಆಂಪೆಗ್ ಎಸ್‌ವಿಟಿ ಹೆಡ್‌ನ ಶಕ್ತಿ 300 ವ್ಯಾಟ್. ಅದರ ಪರಂಪರೆಯ ಎಸ್‌ವಿಟಿ-ಸಿಎಲ್ ಸುಮಾರು 36 ಕಿಲೋ, ಅದರ ಜೊತೆಗಿಡುವ ಎಂಟು ಸ್ಪೀಕರಿನ 810ಇ ಕ್ಯಾಬಿನೆಟ್ 63.5 ಕಿಲೋ. 'ಫ್ರಿಜ್' ಎಂಬ ಅಡ್ಡಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ. ಆ ವಾಲ್ವ್ ಆಂಪಿನ ದನಿಗೆ ಮನಸೋತವರಲ್ಲಿ ನಾನೂ ಒಬ್ಬ, ಆದರೆ ಅದನ್ನು ಕೊಳ್ಳುವವನು ನೆಲಮಹಡಿಯಲ್ಲಿ ವಾಸಿಸುವವನಾಗಿರಬೇಕು.

ಹೆಡ್‌ಗಳ ಅಂತರ ಎಷ್ಟೇ ದೊಡ್ಡದಾಗಿ ಕಂಡರೂ, ಮೆಟ್ಟಿಲಿನಲ್ಲಿ ನಮ್ಮನ್ನು ಕಾಡುತ್ತಿದ್ದದ್ದು ಹೆಡ್ ಅಲ್ಲ. ನಾಲ್ಕು ಸ್ಪೀಕರಿನ ಕ್ಯಾಬಿನೆಟ್ 43.8 ಕಿಲೋ ತೋರಿಸಿದಾಗ ಡ್ರಮ್ಮರ್ ಗೆದ್ದವನಂತೆ ಎಲ್ಲರ ಮುಖ ನೋಡಿದ. ಹನ್ನೆರಡು ಇಂಚಿನ ಒಂದೇ ಸ್ಪೀಕರಿರುವ, ಫೆರೈಟ್ ಅಯಸ್ಕಾಂತದ ಕ್ಯಾಬಿನೆಟ್ 19.6 ಕಿಲೋ ಇದ್ದರೆ, ಹೆಚ್ಚುಕಡಿಮೆ ಅದೇ ಅಳತೆಯ ನಿಯೋಡೈಮಿಯಂ ಕ್ಯಾಬಿನೆಟ್ 14.2 ಕಿಲೋ ಇತ್ತು. 1980ರ ದಶಕದಲ್ಲಿ ಬಳಕೆಗೆ ಬಂದ ನಿಯೋಡೈಮಿಯಂ ಅಯಸ್ಕಾಂತ ಫೆರೈಟಿಗಿಂತ ಹಲವು ಪಟ್ಟು ಬಲವಾದದ್ದು. ಚಿಕ್ಕ ಬಿಲ್ಲೆಯೊಂದು ಭಾರದ ಉಂಗುರದ ಕೆಲಸ ಮಾಡುತ್ತದೆ. ಬೆಲೆ ಮಾತ್ರ ಹಗುರವಲ್ಲ.

ಅಯಸ್ಕಾಂತ ಕುಗ್ಗಿದಂತೆ ಪೆಟ್ಟಿಗೆ ಕುಗ್ಗುವುದಿಲ್ಲವೆಂಬುದನ್ನು ನಮ್ಮ ಕೀಬೋರ್ಡ್ ವಾದಕರು ಅಲ್ಲಿಯೇ ನೆನಪಿಸಿದರು. ಸ್ಪೀಕರ್ ತಯಾರಕ ಜೋಸೆಫ್ ಆಂಟನ್ ಹಾಫ್‌ಮನ್ ಹೆಸರಿನ ನಿಯಮವೊಂದಿದೆ: ಆಳದ ಮಂದ್ರ, ಕಡಿಮೆ ಶಕ್ತಿಗೆ ಹೆಚ್ಚು ಸದ್ದು, ಚಿಕ್ಕ ಪೆಟ್ಟಿಗೆ, ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದು. ಪ್ಲೈವುಡ್‌ನಲ್ಲಿ ಉಳಿಸೋಣವೆಂದು ಹಲಗೆಯನ್ನು ತೆಳುವಾಗಿಸಿ ಒಳಗೆ ಆಧಾರಪಟ್ಟಿ ಕೊಡದಿದ್ದರೆ ಪೆಟ್ಟಿಗೆಯೇ ನಡುಗಿ ಸ್ವರ ಕೆಡುತ್ತದೆ.

ನಾವು ಕಡೆಗೆ ನೋಡಿದ್ದು ಒಟ್ಟು ತೂಕವನ್ನಲ್ಲ, ಒಬ್ಬನ ಕೈಗೆ ಒಮ್ಮೆಗೆ ಬರುವ ಅತಿ ಭಾರದ ತುಂಡನ್ನು. ಹನ್ನೆರಡು ಇಂಚಿನ ಎರಡು ಹಗುರ ಕ್ಯಾಬಿನೆಟ್‌ಗಳು ಸೇರಿ 28.4 ಕಿಲೋ, ಕೈಗೊಂದರಂತೆ ಹಿಡಿದರೆ ಮೈ ಒಂದು ಪಕ್ಕಕ್ಕೆ ವಾಲುವುದಿಲ್ಲ, ಚಿಕ್ಕ ಕಾರ್ಯಕ್ರಮಕ್ಕೆ ಒಂದೇ ಸಾಕು, ಎರಡೂ ಆಟೋದ ಹಿಂದಿನ ಸೀಟಿನಲ್ಲಿ ಕೂರುತ್ತವೆ. ತಲಾ 8 ಓಮ್‌ನವಾದ್ದರಿಂದ ಎರಡನ್ನೂ ಜೋಡಿಸಿದಾಗ ಹೆಡ್‌ಗೆ ಕಾಣುವುದು 4 ಓಮ್. ಅದರ ಪೂರ್ಣ ಶಕ್ತಿ ಆಗಲೇ ಸಿಗುವುದು. ಹತ್ತಿಂಚಿನ ನಾಲ್ಕು ಕೋನ್‌ಗಳ ವಿಸ್ತೀರ್ಣದ ಮುಕ್ಕಾಲು ಪಾಲು ಇವೆರಡರಲ್ಲಿದೆ. ಉಳಿದ ಕಾಲು ಪಾಲಿಗಾಗಿ ನಾನು ಕೊರಗಲಿಲ್ಲ, ಏಕೆಂದರೆ ಪೆಂಡಾಲಿನ ಕಾರ್ಯಕ್ರಮಗಳಲ್ಲಿ ಹೆಡ್‌ನ ಡಿಐ ಔಟ್‌ನಿಂದ (ಮಿಕ್ಸರಿಗೆ ನೇರವಾಗಿ ಸಂಕೇತ ಕಳಿಸುವ ಕಿಂಡಿಯಿಂದ) ಹೊರಟ ತಂತಿ ಸೌಂಡ್ ಸರ್ವೀಸಿನವರ ಮಿಕ್ಸರಿಗೆ ಹೋಗುತ್ತದೆ. ಜನರಿಗೆ ಕೇಳಿಸುವ ಬೇಸ್ ಅವರ ಸಬ್‌ವೂಫರಿನದು, ನನ್ನ ಕ್ಯಾಬಿನೆಟ್ ವೇದಿಕೆಯ ಮೇಲಿನ ನಮ್ಮ ಕಿವಿಗಳಿಗಷ್ಟೇ.

ಹಗುರ ಹೆಡ್‌ಗೆ ಒಂದು ಕಿರುಕುಳವಿದೆ: ಕ್ಯಾಬಿನೆಟ್ಟಿನ ಅದುರಿಗೆ ಅದು ಮೆಲ್ಲಗೆ ಅಂಚಿನತ್ತ ಸರಿಯುತ್ತದೆ. ಅಡಿಗೆ ರಬ್ಬರ್ ಹಾಳೆ ಹಾಸಿದ ಮೇಲೆ ನಿಂತಿತು. ನಾಲ್ಕು ಸ್ಪೀಕರಿನ ಕ್ಯಾಬಿನೆಟ್ಟನ್ನು ನೆಲಮಹಡಿಯಲ್ಲಿ ಕೋಣೆ ಹಿಡಿದಿರುವ ಕಾಲೇಜು ಹುಡುಗರಿಗೆ, ತೂಕ ಹೇಳಿಯೇ, ಮಾರಿದೆವು. ಹಳೆಯ ಹೆಡ್ ಅಭ್ಯಾಸದ ಕೋಣೆಯಲ್ಲೇ ಉಳಿದಿದೆ. ಮಹಡಿಯಿಂದ ಇಳಿಸಬೇಕಾಗಿಲ್ಲದ ತನಕ ಅದರ 17.4 ಕಿಲೋದ ಮೇಲೆ ಯಾರ ತಕರಾರೂ ಇಲ್ಲ.