ತರಗೆಲೆ ಪ್ರಾಜೆಕ್ಟ್: ಆಲಿಕೆ ಕೆಲಸ ಮಾಡುತ್ತಿದೆ

ಉದುರಿದ ಎಲೆಗಳಲ್ಲಿ ಯಾವ ಸಣ್ಣ ಜೀವಿಗಳಿವೆ ಎಂದು ಹುಡುಕುವ ಮಕ್ಕಳ ತರಗೆಲೆ ಪ್ರಾಜೆಕ್ಟ್ ಒಂದು ಹಂತ ದಾಟಿದೆ. ಇಷ್ಟು ದಿನ ಬಿಳಿ ತಟ್ಟೆಯಲ್ಲಿ ಎಲೆ ಹರಡಿ, ಕಣ್ಣಿಗೆ ಬಿದ್ದದ್ದನ್ನು ಮಾತ್ರ ಎಣಿಸುತ್ತಿದ್ದೆವು. ಇರುವೆ, ಜೇಡ, ಜರಿ ಸಿಗುತ್ತಿದ್ದವು. ತೀರಾ ಸಣ್ಣವು ತಪ್ಪಿಸಿಕೊಳ್ಳುತ್ತಿದ್ದವು. ಈಗ ಅವಕ್ಕಾಗಿಯೇ ಬರ್ಲೀಸ್ ಆಲಿಕೆ ಮಾಡಿಕೊಂಡಿದ್ದೇವೆ.

ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಕೆಳಭಾಗದೊಳಗೆ ಕೂರಿಸಿದರೆ ಆಲಿಕೆ ಸಿದ್ಧ. ಕುತ್ತಿಗೆಯ ಹತ್ತಿರ ಜಾಲರಿ, ಅದರ ಮೇಲೆ ತರಗೆಲೆ, ಎಲ್ಲಕ್ಕಿಂತ ಮೇಲೆ ಬಲ್ಬ್. ಎಲೆ ಮೇಲಿನಿಂದ ಒಣಗುತ್ತಾ ಬರುತ್ತದೆ. ತೇವ ಮತ್ತು ಕತ್ತಲು ಬೇಕಾದ ಜೀವಿಗಳು ಕೆಳಕ್ಕೆ ಸರಿಯುತ್ತಾ ಬಾಟಲಿಯೊಳಗೆ ಬೀಳುತ್ತವೆ. ಇಟಲಿಯ ಕೀಟಶಾಸ್ತ್ರಜ್ಞ ಅಂತೋನಿಯೊ ಬರ್ಲೀಸ್ 1905ರಲ್ಲಿ ಬಿಸಿನೀರಿನಿಂದ ಕಾಯಿಸುವ ಆಲಿಕೆ ಮಾಡಿದ್ದರು. 1918ರಲ್ಲಿ ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ ಬಿಸಿನೀರಿನ ಬದಲು ಬಲ್ಬ್ ಬಳಸಿದರು. ಎಲ್‌ಇಡಿಯಲ್ಲಿ ಬಿಸಿ ಕಡಿಮೆ, ಹಳೆಯ ಗುಂಡು ಬಲ್ಬೇ ವಾಸಿ. ಒಣ ಎಲೆಗೆ ತಾಗದಷ್ಟು ಮೇಲಿರಬೇಕು, ದೊಡ್ಡವರು ಹತ್ತಿರವೇ ಇರಬೇಕು.

ಸಂಶೋಧಕರು ಕೆಳಗೆ ಆಲ್ಕೋಹಾಲ್ ಇಡುತ್ತಾರೆ, ಅದರಲ್ಲಿ ಬಿದ್ದ ಜೀವಿಗಳು ಸಾಯುತ್ತವೆ. ನಾವು ಒದ್ದೆ ಕಾಗದ ಇಡುತ್ತೇವೆ. ನೋಡಿ ಮುಗಿದ ಮೇಲೆ ಜೀವಿಗಳು ಬಂದ ಜಾಗಕ್ಕೇ ವಾಪಸ್. ಮಕ್ಕಳ ಜೊತೆ ಮಾಡುವಾಗ ಇದರಲ್ಲಿ ರಾಜಿ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಲ್ಲರ ಮೆಚ್ಚಿನದು ಸ್ಪ್ರಿಂಗ್‌ಟೇಲ್ ಎಂಬ ಪುಟಾಣಿ ಜೀವಿ. ಹೊಟ್ಟೆಯ ಕೆಳಗೆ ಮಡಚಿಟ್ಟ ಕವಲನ್ನು ಫಟ್ಟನೆ ಬಿಚ್ಚಿ ನೆಗೆಯುತ್ತದೆ. ಭೂತಗನ್ನಡಿಯಲ್ಲಿ ಆ ಕವಲು ಕಂಡಾಗ ಮಕ್ಕಳ ಮುಖ ನೋಡಬೇಕು! ಇದಕ್ಕೆ ಆರು ಕಾಲು, ಆದರೂ ಈಗ ಇದನ್ನು ಕೀಟಗಳ ಗುಂಪಿಗೆ ಸೇರಿಸುವುದಿಲ್ಲ. ಇದರ ಮೇಲೆ ಜೋರು ಚರ್ಚೆ ನಡೆಯಿತು. ಹೆಸರು ಹೇಳಲು ನಾನು ಅವಸರ ಮಾಡುವುದಿಲ್ಲ. ಮೊದಲು ಕಾಲು ಎಣಿಸಲಿ, ಚಿತ್ರ ಬರೆಯಲಿ. ಜರಿಗೆ ಮೈಯ ಒಂದೊಂದು ತುಂಡಿಗೂ ಒಂದು ಜೊತೆ ಕಾಲು, ಸಹಸ್ರಪದಿಗೆ ಹೆಚ್ಚಿನ ತುಂಡುಗಳಲ್ಲಿ ಎರಡು ಜೊತೆ. ಇದನ್ನು ಅವರೇ ಕಂಡುಹಿಡಿದರು, ಅದು ಮರೆಯುವ ಮಾತೇ ಇಲ್ಲ.

ಮರದ ನೆರಳಿನ ಎಲೆಯಲ್ಲಿ ಬಿಸಿಲಿನ ಎಲೆಗಿಂತ ಜೀವಿಗಳು ತುಂಬಾ ಜಾಸ್ತಿ ಸಿಕ್ಕವು. ಕಾರಣ ನೆರಳೋ, ತೇವವೋ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ ಅಲ್ವಾ? ಮುಂದಿನ ಹಂತ ಅದರ ಮೇಲೆಯೇ: ಬಿಸಿಲಿನಲ್ಲೇ ಒಂದೇ ಮರದ ಎಲೆಯ ಎರಡು ಸಮ ರಾಶಿ, ಒಂದಕ್ಕೆ ಮಾತ್ರ ದಿನವೂ ನೀರು. ನೀರು ಹಾಕುವ ಸರದಿಯ ಪಟ್ಟಿಯನ್ನು ಮಕ್ಕಳೇ ಬರೆದುಕೊಂಡಿದ್ದಾರೆ.